ಎತ್ತು ಏರಿಗೆ, ಕೋಣ ನೀರಿಗೆ: ಎರಡು ಎಂಜಿನ್ನಿನ ಒಂದು ಪುಟ್ಟ ಡಾರ್ನಿಯರ್

ನಾನು ಕಟ್ಟಿದ, ರೇಡಿಯೊದಿಂದ ಹಾರಿಸುವ ಮಾದರಿ ವಿಮಾನದ ಎಡಗಡೆಯ ಮೋಟಾರು ನಿಮಿಷಕ್ಕೆ 8,910 ಸುತ್ತು ತಿರುಗುತ್ತಿತ್ತು, ಬಲಗಡೆಯದು 8,640. ಎರಡೂ ಒಂದೇ ತಯಾರಕರವು, ಒಂದೇ ನಮೂನೆಯವು, ಒಂದೇ ದಿನ ಒಂದೇ ಅಂಗಡಿಯಿಂದ ಕೊಂಡು ತಂದವು. ನನಗೆ ಮೊದಲು ಅನುಮಾನ ಬಂದದ್ದು, ಅಲಗುಗಳು ಬೆಳಕಿಗೆ ಅಡ್ಡ ಬರುವುದನ್ನು ಎಣಿಸಿ ಸುತ್ತಿನ ಲೆಕ್ಕ ಹೇಳುವ ಟ್ಯಾಕೋಮೀಟರಿನ ಮೇಲೆ. ಅದನ್ನು ಪರೀಕ್ಷಿಸಲು ಒಂದು ಸುಲಭದ ದಾರಿಯಿದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು. ಹಳೆಯ ಚೋಕಿನ ಟ್ಯೂಬ್‌ಲೈಟು ಅದರಿಂದ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಮೂರು ಅಲಗಿನ ಪ್ರೊಪೆಲರಿಗೆಂದು ಹೊಂದಿಸಿದ ಟ್ಯಾಕೋಮೀಟರನ್ನು ಆ ಬೆಳಕಿಗೆ ಹಿಡಿದರೆ ಅದು 2,000 ಎಂದು ತೋರಿಸಬೇಕು. ಅಡುಗೆಮನೆಯಲ್ಲಿ ಉಳಿದಿದ್ದ ಒಂದೇ ಒಂದು ಚೋಕಿನ ಟ್ಯೂಬ್‌ಲೈಟಿಗೆ ಹಿಡಿದೆ. 2,000 ಎಂದೇ ತೋರಿಸಿತು. ಅಂದರೆ ಸುಳ್ಳು ಟ್ಯಾಕೋಮೀಟರಿನದಲ್ಲ.

ಒಂದೇ ಎಂಜಿನ್ನಿನ ವಿಮಾನದಲ್ಲಿ ಮೋಟಾರು ಇನ್ನೂರು ಮುನ್ನೂರು ಸುತ್ತು ಕಡಿಮೆ ತಿರುಗಿದರೆ ವಿಮಾನ ತುಸು ನಿಧಾನವಾಗಿ ಏರುತ್ತದೆ, ಅಷ್ಟೇ. ಎರಡು ಎಂಜಿನ್ನಿರುವಲ್ಲಿ ಅದೇ ಕೊರತೆ ವಿಮಾನದ ಮೂತಿಯನ್ನು ಒಂದು ಪಕ್ಕಕ್ಕೆ ತಿರುಗಿಸುತ್ತದೆ. ಪ್ರೊಪೆಲರಿನ ಎಳೆತ ಸುತ್ತುಗಳ ವರ್ಗದ ಪ್ರಮಾಣದಲ್ಲಿ ಏರಿಳಿಯುವುದರಿಂದ, ಸುತ್ತಿನಲ್ಲಿ ಶೇಕಡಾ 3ರಷ್ಟು ವ್ಯತ್ಯಾಸವಿದ್ದರೆ ಎಳೆತದಲ್ಲಿ ಅದು ಶೇಕಡಾ 6 ಆಗುತ್ತದೆ. ನನ್ನ ಮೋಟಾರುಗಳ ಲೆಕ್ಕದಲ್ಲಿ ಅದು ಸುಮಾರು 50 ಗ್ರಾಂ, ಒಂದು ನಿಂಬೆಹಣ್ಣಿನ ತೂಕ. ಆದರೆ ಆ ನಿಂಬೆಹಣ್ಣು ವಿಮಾನದ ಮಧ್ಯರೇಖೆಯಿಂದ 26 ಸೆಂ.ಮೀ. ಆಚೆ ಕುಳಿತು ಬಿಡುವಿಲ್ಲದೆ ಜಗ್ಗುತ್ತಿರುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ಕಟ್ಟಿದವರು ವಿಮಾನವನ್ನು ಕಂಡವರಲ್ಲ. ಆದರೂ ಅದಕ್ಕಿಂತ ಚೆನ್ನಾಗಿ ಇದನ್ನು ಹೇಳುವುದು ನನಗೆ ಸಾಧ್ಯವಿಲ್ಲ.

ಡಾರ್ನಿಯರ್ 228 ವಿಮಾನವನ್ನೇ ಏಕೆ ಆರಿಸಿಕೊಂಡೆ ಎಂದು ಗೆಳೆಯರು ಕೇಳುತ್ತಾರೆ. ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಜನರೆಲ್ಲ ತಲೆಯೆತ್ತಿ ತೇಜಸ್ ಯುದ್ಧವಿಮಾನವನ್ನು ನೋಡುತ್ತಿದ್ದಾಗ ನಾನು ನೆಲದ ಮೇಲೆ ನಿಂತಿದ್ದ ಈ ಉದ್ದ ಮೂಗಿನ ವಿಮಾನದ ಸುತ್ತ ಮೂರು ಪ್ರದಕ್ಷಿಣೆ ಹಾಕಿದ್ದೆ. ಜರ್ಮನಿಯಲ್ಲಿ 1981ರ ಮಾರ್ಚ್ 28ರಂದು ಮೊದಲು ಹಾರಿದ ಈ ವಿಮಾನವನ್ನು ಕಟ್ಟಲು ಎಚ್‌ಎಎಲ್ 1983ರಲ್ಲಿ ಪರವಾನಗಿ ಪಡೆಯಿತು. ಅಂದಿನಿಂದ ಕಾನ್ಪುರದ ಘಟಕದಲ್ಲಿ ಅದು ತಯಾರಾಗುತ್ತಿದೆ. ವಾಯುದೂತ್ ಸಂಸ್ಥೆ ಅದರಲ್ಲಿ ಪ್ರಯಾಣಿಕರನ್ನು ಕೊಂಡೊಯ್ದಿತ್ತು; ಕರಾವಳಿ ಕಾವಲು ಪಡೆ, ನೌಕಾಪಡೆ, ವಾಯುಪಡೆ ಮೂರೂ ಅದನ್ನು ಬಳಸುತ್ತವೆ; 2022ರ ಏಪ್ರಿಲ್ 12ರಂದು ಅಲಯನ್ಸ್ ಏರ್ ಅದನ್ನು ದಿಬ್ರುಗಢದಿಂದ ಪಾಸಿಘಾಟಿಗೆ ಹಾರಿಸಿತು. ಮಾದರಿ ಕಟ್ಟುವವನಿಗೆ ಇದರಲ್ಲಿರುವ ಆಕರ್ಷಣೆಯೇ ಬೇರೆ. ಅದರ ಒಡಲು ಹೆಚ್ಚುಕಡಿಮೆ ಆಯತಾಕಾರದ ಪೆಟ್ಟಿಗೆ. ದುಂಡನೆಯ ಒಡಲಿಗೆ ಬಾಲ್ಸಾ ಎಂಬ ಹಗುರ ಮರದ ಹಾಳೆಯನ್ನು ನೆನೆಸಿ ಬಗ್ಗಿಸುವ ಪಾಡು ಪಟ್ಟವರಿಗೆ ಚಪ್ಪಟೆ ಗೋಡೆಯ ಸುಖ ಗೊತ್ತು. ರೆಕ್ಕೆ ಒಡಲಿನ ಮೇಲಿರುವುದರಿಂದ ಪ್ರೊಪೆಲರುಗಳು ನೆಲದಿಂದ ಎತ್ತರದಲ್ಲಿರುತ್ತವೆ. ನಮ್ಮ ಬಯಲುಗಳ ಕಲ್ಲು, ಕೂಳೆಗಳ ನಡುವೆ ಇದು ಸಣ್ಣ ಅನುಕೂಲವಲ್ಲ.

ಅಳತೆ ಹತ್ತಕ್ಕೆ ಒಂದು. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 16.97 ಮೀಟರ್, ನನ್ನದು 1.70. ರೆಕ್ಕೆಯ ವಿಸ್ತೀರ್ಣ 32 ಚದರ ಮೀಟರಿನ ಬದಲು 0.32 ಚದರ ಮೀಟರ್. ಅಳತೆ ಹತ್ತನೇ ಒಂದಕ್ಕೆ ಇಳಿದಾಗ ವಿಸ್ತೀರ್ಣ ನೂರನೇ ಒಂದಕ್ಕೆ ಇಳಿಯುತ್ತದೆ ಎಂಬುದು ಶಾಲೆಯ ಗಣಿತ. ಆದರೆ ಕೈಯಲ್ಲಿ ತಕ್ಕಡಿ ಹಿಡಿದು ಎರಡು ಮೋಟಾರು, ಎರಡು ಇಎಸ್‌ಸಿ (ಮೋಟಾರಿನ ವೇಗವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ), ಏಳು ಸರ್ವೋ (ರೆಕ್ಕೆ, ಬಾಲಗಳ ಚಲಿಸುವ ಭಾಗಗಳನ್ನು ಆಡಿಸುವ ಪುಟ್ಟ ಮೋಟಾರು), ಒಂದು ದಪ್ಪ ಬ್ಯಾಟರಿ ಇವನ್ನೆಲ್ಲ ಒಂದೊಂದಾಗಿ ತೂಗುತ್ತಾ ಹೋದಾಗಲೇ ಅದರ ಬಿಸಿ ತಟ್ಟುವುದು. ಎರಡು ಕಿಲೋ ಒಳಗೆ ಮುಗಿಸಬೇಕೆಂದು ಹೊರಟವನು 2.4 ಕಿಲೋಗೆ ಬಂದು ನಿಂತೆ. ರೆಕ್ಕೆಯ ಪ್ರತಿ ಚದರ ಡೆಸಿಮೀಟರ್ ಹೊರಬೇಕಾದ ಭಾರ 75 ಗ್ರಾಂ ಆಯಿತು. ಇದು ಹಾರದಷ್ಟು ಹೆಚ್ಚಲ್ಲ, ಮೈಮರೆಯುವಷ್ಟು ಕಡಿಮೆಯೂ ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕಡಲ ತೀರದ್ದಕ್ಕಿಂತ ಹತ್ತಿರ ಹತ್ತಿರ ಶೇಕಡಾ 10ರಷ್ಟು ತೆಳು. ಪ್ರೊಪೆಲರಿಗೆ ಕಚ್ಚಿ ಎಳೆಯಲು ಅಷ್ಟು ಕಡಿಮೆ ಸಿಗುತ್ತದೆ, ರೆಕ್ಕೆಗೂ ಅಷ್ಟೇ. ನನ್ನ ಲೆಕ್ಕದ ಪ್ರಕಾರ ಗಂಟೆಗೆ 38 ಕಿಲೋಮೀಟರಿಗಿಂತ ಕೆಳಗೆ ಇಳಿದರೆ ಈ ವಿಮಾನ ಗಾಳಿಯಲ್ಲಿ ನಿಲ್ಲಲಾರದು.

ಕಟ್ಟುವ ಕೆಲಸದ ಬಹುಭಾಗವನ್ನು ನಾನು ಇಲ್ಲಿ ಬಿಡುತ್ತೇನೆ. ರೆಕ್ಕೆಗೆ ಆಕಾರ ಕೊಡುವ ರಿಬ್ಬುಗಳನ್ನು ಕತ್ತರಿಸುವುದು, ಅವನ್ನು ಹೊರುವ ಸ್ಪಾರ್ ಎಂಬ ತೊಲೆ ಕೂರಿಸುವುದು, ಹಾಳೆ ಹೊದಿಸುವುದು ಇವೆಲ್ಲ ಒಂದು ಎಂಜಿನ್ನಿಗೂ ಎರಡು ಎಂಜಿನ್ನಿಗೂ ಒಂದೇ. ರೆಕ್ಕೆಯನ್ನು ಮೇಜಿನ ಮೇಲೆ ಕಟ್ಟುವಾಗ ತುದಿಯ ರಿಬ್ಬಿನ ಹಿಂಬದಿಯ ಕೆಳಗೆ 4 ಮಿ.ಮೀ. ದಪ್ಪದ ಬಾಲ್ಸಾ ಚೂರನ್ನು ಇಟ್ಟು, ರೆಕ್ಕೆಯ ತುದಿ ಬುಡಕ್ಕಿಂತ ಸುಮಾರು ಎರಡು ಡಿಗ್ರಿ ಕೆಳಮುಖವಾಗಿರುವಂತೆ ತಿರುಚಿದ್ದನ್ನು ಮಾತ್ರ ಹೇಳಬೇಕು. ವೇಗ ಕಳೆದುಕೊಂಡಾಗ ರೆಕ್ಕೆಯ ಬುಡ ಮೊದಲು ಸೋಲಲಿ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲೆರಾನ್ ಪಟ್ಟಿ ಇರುವ ತುದಿ ಕೊನೆಗೆ ಸೋಲಲಿ ಎಂಬುದು ಇದರ ಉದ್ದೇಶ. ಒಂದು ಎಂಜಿನ್ ನಿಂತಾಗ ವಿಮಾನವನ್ನು ಮಗುಚುವುದು ಸಾಮಾನ್ಯವಾಗಿ ಈ ತುದಿಯೇ.

ಎಂಜಿನ್ನಿನ ಗೂಡುಗಳ ವಿಷಯದಲ್ಲಿ ಮಾತ್ರ ನಾನು ಒಂದು ತಿಂಗಳು ಕಳೆದೆ. ಮೋಟಾರುಗಳು ನೇರ ಮುಂದಕ್ಕೆ ನೋಡಬಾರದು. ಒಂದೊಂದೂ ಹೊರಗಡೆಗೆ ಎರಡು ಡಿಗ್ರಿ, ಕೆಳಗಡೆಗೆ ಎರಡು ಡಿಗ್ರಿ ವಾಲಿರಬೇಕು. ಹೊರಗೆ ವಾಲಿಸುವುದರಿಂದ ಉಳಿದ ಒಂದೇ ಮೋಟಾರಿನ ಎಳೆತದ ಗೆರೆ ವಿಮಾನದ ಭಾರಕೇಂದ್ರಕ್ಕೆ ತುಸು ಹತ್ತಿರವಾಗುತ್ತದೆ. ಎರಡು ಡಿಗ್ರಿಯಿಂದ ಪವಾಡ ನಡೆಯುವುದಿಲ್ಲ. ಆದರೆ ಎಡಕ್ಕೆ ಎರಡು ಡಿಗ್ರಿ, ಬಲಕ್ಕೆ ಒಂದೂವರೆ ಡಿಗ್ರಿ ಆದರೆ ಅನಾಹುತ ನಡೆಯುತ್ತದೆ. ಅಷ್ಟು ಚಿಕ್ಕ ಮೋಟಾರಿನ ಮೇಲೆ ಕೋನಮಾಪಕ ಇಟ್ಟು ಅಳೆಯುವುದು ವ್ಯರ್ಥವೆಂದು ತಿಳಿದ ಮೇಲೆ, ಅರ್ಧ ಮೀಟರ್ ಉದ್ದದ ನೇರವಾದ ಕಡ್ಡಿಯೊಂದನ್ನು ಮೋಟಾರಿನ ಅಚ್ಚಿಗೆ ಕಟ್ಟಿ, ಅದರ ತುದಿ ನೇರ ರೇಖೆಯಿಂದ ಹದಿನೇಳೂವರೆ ಮಿ.ಮೀ. ಸರಿದಿದೆಯೇ ಎಂದು ನೋಡಿದೆ. ಒಂದು ಕಡೆ ಸರಿಯಿತ್ತು, ಇನ್ನೊಂದು ಕಡೆ 13 ಮಿ.ಮೀ. ಇತ್ತು. ಎಪಾಕ್ಸಿ ಒಣಗಿಬಿಟ್ಟಿತ್ತು. ಗರಗಸ ಹಿಡಿದು ಆ ಗೂಡಿನ ಮುಂಗೋಡೆಯನ್ನು ಕಿತ್ತು ಮತ್ತೆ ಕೂರಿಸಿದೆ.

ಮುಂದಿನ ಪ್ರಶ್ನೆ ತಂತಿಗಳದು. ಬ್ಯಾಟರಿ ಒಡಲಿನ ಮೂಗಿನಲ್ಲಿದೆ, ಮೋಟಾರುಗಳು ರೆಕ್ಕೆಯಲ್ಲಿವೆ. ಇವುಗಳ ನಡುವಿನ ಇಎಸ್‌ಸಿ ಎಲ್ಲಿರಬೇಕು? ಗೂಡಿನಲ್ಲಿಟ್ಟರೆ ಅದಕ್ಕೆ ಗಾಳಿ ಚೆನ್ನಾಗಿ ಸಿಗುತ್ತದೆ, ಆದರೆ ಬ್ಯಾಟರಿಯಿಂದ ಅಲ್ಲಿಯವರೆಗೆ ತಂತಿ ಉದ್ದವಾಗುತ್ತದೆ. ಇಎಸ್‌ಸಿ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಮೋಟಾರಿಗೆ ಕೊಡುವುದರಿಂದ, ಬ್ಯಾಟರಿಯ ಕಡೆಯ ತಂತಿ ಉದ್ದವಾದಷ್ಟೂ ಪ್ರತಿ ಕಡಿತದಲ್ಲೂ ವೋಲ್ಟೇಜು ಜಿಗಿಯುತ್ತದೆ. ಆ ಹೊಡೆತವನ್ನು ತಿನ್ನುವುದು ಇಎಸ್‌ಸಿಯ ಬಾಯಲ್ಲಿರುವ ಕೆಪಾಸಿಟರು. ಅದು ಬಿಸಿಯಾಗಿ, ಉಬ್ಬಿ, ಒಂದು ದಿನ ಸಾಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೆಚ್ಚುವರಿ ಕೆಪಾಸಿಟರು ಕೊಂಡು ಬೆಸೆಯುವವರಿದ್ದಾರೆ. ನಾನು ಇನ್ನೊಂದು ದಾರಿ ಹಿಡಿದೆ. ಇಎಸ್‌ಸಿಗಳನ್ನು ಒಡಲಿನಲ್ಲೇ ಬ್ಯಾಟರಿಯ ಪಕ್ಕ ಇಟ್ಟು, ಹೊಟ್ಟೆಯ ಕೆಳಗೆ ಗಾಳಿಗೊಂದು ಬಾಯಿ ಕೊರೆದು, ಮೋಟಾರಿನ ಮೂರು ಮೂರು ತಂತಿಗಳನ್ನು ರೆಕ್ಕೆಯೊಳಗೆ ಉದ್ದ ಮಾಡಿದೆ. ಮೋಟಾರಿನ ಕಡೆಯ ತಂತಿ ಉದ್ದವಾಗುವುದರಿಂದ ಅಂಥ ಕೇಡಿಲ್ಲ. ಈ ನಿರ್ಧಾರ ಸರಿಯೆಂದು ಈಗಲೂ ನಂಬುತ್ತೇನೆ. ಆದರೆ ಒಂದೊಂದು ತಂತಿಗೆ ಎರಡು ತುದಿ, ಒಟ್ಟು ಆರು ತಂತಿ. ಅಂದರೆ ಹನ್ನೆರಡು ಬುಲೆಟ್ ಕನೆಕ್ಟರುಗಳನ್ನು ನಾನೇ ಬೆಸೆಯಬೇಕಾಯಿತು. ಹನ್ನೆರಡರ ಮೇಲೂ ಹೀಟ್‌ಶ್ರಿಂಕ್ ತೋಳು ತೊಡಿಸಿ, ಬಿಸಿ ಗಾಳಿ ಹಾಯಿಸಿ, ಬಿಗಿ ಮಾಡಿದೆ. ನೋಡಲು ಅಚ್ಚುಕಟ್ಟಾಗಿತ್ತು.

ಇಲ್ಲೊಂದು ಕೆಂಪು ತಂತಿಯ ಸಂಗತಿಯಿದೆ. ಪ್ರತಿ ಇಎಸ್‌ಸಿಯೂ ಮೋಟಾರನ್ನು ನಡೆಸುವುದರ ಜೊತೆಗೆ, ನೆಲದಿಂದ ಬರುವ ರೇಡಿಯೊ ಆಣತಿಯನ್ನು ಹಿಡಿಯುವ ರಿಸೀವರಿಗೆ ಬೇಕಾದ 5 ವೋಲ್ಟನ್ನು ತನ್ನ ಮೂರೆಳೆಯ ತಂತಿಯ ಕೆಂಪು ಎಳೆಯಲ್ಲಿ ಕಳಿಸುತ್ತದೆ. ಎರಡು ಇಎಸ್‌ಸಿಗಳಿದ್ದರೆ ಎರಡು ಕಡೆಯಿಂದ 5 ವೋಲ್ಟು ಬಂದು ರಿಸೀವರಿನಲ್ಲಿ ಕೂಡುತ್ತವೆ, ಒಂದು 5.0, ಇನ್ನೊಂದು 5.1 ಆದರೂ ಅವು ಒಂದನ್ನೊಂದು ತಳ್ಳಾಡುತ್ತವೆ. ಆದ್ದರಿಂದ ಒಂದರ ಕೆಂಪು ಎಳೆಯನ್ನು ಬಿಡಿಸಬೇಕು. ನಾನು ಎರಡರದನ್ನೂ ಬಿಡಿಸಿ, ರಿಸೀವರಿಗೂ ಸರ್ವೋಗಳಿಗೂ ಎಂದೇ ಬೇರೆಯಾದ ಬಿಇಸಿ (ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಕೊಡುವ ಸಾಧನ) ಇಟ್ಟೆ. ಕತ್ತರಿ ಹಾಕಬೇಕಾಗಿಲ್ಲ: ಪ್ಲಗ್ಗಿನ ಪಕ್ಕದ ಪ್ಲಾಸ್ಟಿಕ್ ನಾಲಗೆಯನ್ನು ಸೂಜಿಯ ಮೊನೆಯಿಂದ ಕೂದಲೆಳೆಯಷ್ಟು ಎತ್ತಿದರೆ ಕೆಂಪು ತಂತಿ ತನ್ನ ಲೋಹದ ಮುಳ್ಳಿನ ಸಮೇತ ಹೊರಗೆ ಜಾರುತ್ತದೆ, ಅದನ್ನು ಹಿಂದಕ್ಕೆ ಮಡಚಿ, ತೋಳು ತೊಡಿಸಿ ಬಿಟ್ಟರೆ ಸಾಕು. ಬ್ಯಾಟರಿಯ ಮಟ್ಟಿಗೆ ನಾನು ಇದಕ್ಕೆ ತಿರುಗುಮುರುಗಾದ ತತ್ತ್ವವನ್ನು ಪಾಲಿಸಿದೆ. ಎರಡು ಮೋಟಾರಿಗೂ ಒಂದೇ ಮೂರು ಸೆಲ್ಲಿನ 5,000 ಎಂಎಎಚ್ ಬ್ಯಾಟರಿ. ಮೋಟಾರಿಗೊಂದರಂತೆ ಎರಡು ಬ್ಯಾಟರಿ ಇಟ್ಟವರು ಅದನ್ನು ಸುರಕ್ಷತೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಒಂದು ಬ್ಯಾಟರಿ ಇನ್ನೊಂದಕ್ಕಿಂತ ಮೊದಲೇ ಬರಿದಾಗಿ, ಒಂದು ಕಡೆಯ ಇಎಸ್‌ಸಿ ಮಾತ್ರ ಕೈಬಿಡುವ ಸಂದರ್ಭವನ್ನು ತಾವೇ ಕಟ್ಟಿಕೊಂಡಿರುತ್ತಾರೆ. ಸಾಯುವುದಾದರೆ ಎರಡೂ ಒಟ್ಟಿಗೆ ಸಾಯಲಿ.

ಪ್ರೊಪೆಲರುಗಳು ಒಂಬತ್ತು ಇಂಚಿನವು, ಮೂರು ಅಲಗಿನವು. ನಾನು ನೋಡಿದ ಡಾರ್ನಿಯರಿಗೆ ನಾಲ್ಕು ಅಲಗು. ಆದರೆ ಎಡಕ್ಕೊಂದು, ಬಲಕ್ಕೊಂದು ತಿರುಗುವ ಜೋಡಿ ನನಗೆ ಮೂರು ಅಲಗಿನಲ್ಲಿ ಮಾತ್ರ ಸಿಕ್ಕಿತು. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಅವುಗಳ ತಿರುಚುಬಲ ಕೂಡಿಕೊಂಡು ವಿಮಾನವನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ. ಅಲ್ಲದೆ ಮೂತಿಯೆತ್ತಿ ಏರುವಾಗ ಕೆಳಕ್ಕೆ ಇಳಿಯುವ ಅಲಗು ಮೇಲಕ್ಕೆ ಏರುವ ಅಲಗಿಗಿಂತ ಹೆಚ್ಚು ಎಳೆಯುವುದರಿಂದ, ಎರಡು ಎಂಜಿನ್ನುಗಳಲ್ಲಿ ಒಂದು ನಿಂತರೆ ಇನ್ನೊಂದು ನಿಂತದ್ದಕ್ಕಿಂತ ಅಪಾಯ ಹೆಚ್ಚು. ಎದುರುಬದುರು ತಿರುಗಿಸಿದರೆ ಈ ಎರಡೂ ತೊಂದರೆ ತಪ್ಪುತ್ತವೆ. ತಿರುಗಿಸುವುದೂ ಸುಲಭ: ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಮೋಟಾರು ಹಿಮ್ಮುಖ ತಿರುಗುತ್ತದೆ. ಇಳಿಯುವ ಅಲಗು ಒಡಲಿನ ಕಡೆಗೇ ಇರುವಂತೆ, ಅಂದರೆ ಪ್ರೊಪೆಲರುಗಳ ನೆತ್ತಿ ಒಳಮುಖವಾಗಿ ತಿರುಗುವಂತೆ ಜೋಡಿಸಿದೆ. ಹಿಮ್ಮುಖ ತಿರುಗುವ ಕಡೆಯ ಸಾಮಾನ್ಯ ನಟ್ಟು ತಾನಾಗಿ ಸಡಿಲಗೊಳ್ಳುವ ಸಾಧ್ಯತೆ ಇರುವುದರಿಂದ ಅದರ ಮೇಲೆ ಇನ್ನೊಂದು ನಟ್ಟು ಬಿಗಿದೆ.

ಇಷ್ಟೆಲ್ಲ ಆದ ಮೇಲೆ ಬಂದದ್ದು ಮೊದಲು ಹೇಳಿದ ಅಂಕಿ: 8,910 ಮತ್ತು 8,640. ಇಎಸ್‌ಸಿಗಳಿಗೆ ಥ್ರಾಟಲಿನ, ಅಂದರೆ ಮೋಟಾರಿನ ವೇಗ ಏರಿಳಿಸುವ ಹಿಡಿಯ, ಮೇಲಿನ ತುದಿ ಯಾವುದು, ಕೆಳಗಿನ ತುದಿ ಯಾವುದು ಎಂದು ಕಲಿಸುವ ಕ್ರಮವನ್ನು ಎರಡಕ್ಕೂ ಮತ್ತೆ ಮಾಡಿದೆ. ಬಲಗಡೆಯದು 8,740ಕ್ಕೆ ಏರಿತು, ಅಲ್ಲಿಗೆ ನಿಂತಿತು. ಪ್ರೊಪೆಲರುಗಳನ್ನು ತೂಗಿ, ಭಾರದ ಅಲಗುಗಳನ್ನು ಮರಳು ಕಾಗದದಲ್ಲಿ ಉಜ್ಜಿ ಸಮ ಮಾಡಿದೆ. 8,740. ಎರಡು ಮೋಟಾರನ್ನೂ ಒಟ್ಟಿಗೆ ಓಡಿಸಿದರೆ ಅವುಗಳ ಸದ್ದು ಒಂದಕ್ಕೊಂದು ಹೊಂದದೆ ಗುಂಯ್‌ಗುಂಯ್ ಎಂದು ಬಡಿದುಕೊಳ್ಳುತ್ತಿತ್ತು. ಪಕ್ಕದ ಮನೆಯವರು ಮಿಕ್ಸಿ ಕೆಟ್ಟಿದೆಯೇ ಎಂದು ವಿಚಾರಿಸಿದರು. ಕೊನೆಗೆ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಎರಡು ಮೋಟಾರುಗಳೂ ಬೇರೆ ಬೇರೆ ಚಾನೆಲ್ಲುಗಳಲ್ಲಿದ್ದವಲ್ಲ, ಟ್ರಾನ್ಸ್‌ಮಿಟರಿನಲ್ಲಿ ಎಡಗಡೆಯದರ ಗರಿಷ್ಠ ಮಿತಿಯನ್ನು ಶೇಕಡಾ 100ರಿಂದ 97ಕ್ಕೆ ಇಳಿಸಿದೆ. ಸದ್ದು ಕೂಡಿಕೊಂಡಿತು. ಬಾಲದ ರಡ್ಡರಿಗೆ, ಹೊರಳಿದ ಮೂತಿಯನ್ನು ತಾನಾಗಿ ಸರಿಪಡಿಸುವ ಗೈರೋ ಹಾಕಬೇಡಿ, ಅದು ವಿಮಾನದ ರೋಗವನ್ನು ಮುಚ್ಚಿಡುತ್ತದೆ ಎಂದು ಗೆಳೆಯರಿಗೆ ಉಪದೇಶ ಹೇಳುತ್ತಾ ತಿರುಗುತ್ತಿದ್ದವನು ನಾನೇ.

ಬೆಂಗಳೂರಿನ ಸುತ್ತ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ನಿಜವಾದ ವಿಮಾನಗಳ ನಾಲ್ಕು ನೆಲೆಗಳಿರುವುದರಿಂದ ಆಟದ ವಿಮಾನಕ್ಕೆ ಆಕಾಶ ಸಿಗುವುದು ಕಷ್ಟ. 2021ರ ಡ್ರೋನ್ ನಿಯಮಗಳ ನಕ್ಷೆ ನೋಡಿಕೊಂಡು, ಮಾಗಡಿಯ ಕಡೆ ರಾಗಿ ಕೊಯ್ದು ಬಿಟ್ಟಿದ್ದ ಒಂದು ಹೊಲಕ್ಕೆ ಹೋಗುತ್ತೇವೆ. ಹೊಲದ ಯಜಮಾನರು ಮೊದಲ ದಿನ ಡಾರ್ನಿಯರನ್ನು ಸುತ್ತಲೂ ನೋಡಿ, "ಎರಡು ಐತಲ್ಲ ಸ್ವಾಮಿ, ಒಂದು ಕೆಟ್ರೆ ಇನ್ನೊಂದರಾಗೆ ಬರಬೋದು ಅನ್ನಿ" ಎಂದರು. ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಒಂದು ಎಂಜಿನ್ ಕೆಟ್ಟರೆ ಕಳೆದುಹೋಗುವುದು ಅರ್ಧ ಶಕ್ತಿ ಮಾತ್ರವಲ್ಲ. ಉಳಿದ ಅರ್ಧ ಶಕ್ತಿ ವಿಮಾನವನ್ನು ತಿರುಗಿಸುವ ಕೆಲಸಕ್ಕೆ ಇಳಿಯುತ್ತದೆ. ಅದನ್ನು ತಡೆಯುವುದು ಬಾಲದ ರಡ್ಡರು, ರಡ್ಡರಿಗೆ ಬಲ ಬರುವುದು ವೇಗದಿಂದ. ವೇಗ ಒಂದು ಮಿತಿಗಿಂತ ಕೆಳಗಿಳಿದರೆ ರಡ್ಡರನ್ನು ಪೂರ್ತಿ ಒತ್ತಿ ಹಿಡಿದರೂ ಮೂತಿ ತಿರುಗುತ್ತದೆ, ಒಂದು ರೆಕ್ಕೆ ಬೀಳುತ್ತದೆ. ಒಳಗೆ ಕುಳಿತ ಪೈಲಟ್ಟಿಗೆ ಯಾವ ಕಾಲು ಸುಮ್ಮನಿದೆಯೋ ಆ ಕಡೆಯ ಎಂಜಿನ್ ಸತ್ತಿದೆ ಎಂದು ತಿಳಿಯುತ್ತದೆ. ನೆಲದ ಮೇಲೆ ನಿಂತವನಿಗೆ ಆ ಕಾಲೂ ಇಲ್ಲ. ಈ ಹೊಲದಿಂದ ಬಹಳ ದೂರವಲ್ಲದ ಬಿಡದಿಯ ಬಳಿ, 2009ರ ಮಾರ್ಚ್ 6ರಂದು ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಎರಡು ಎಂಜಿನ್ನಿನ ಸರಸ್ ವಿಮಾನ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಒಂದು ಎಂಜಿನ್ನನ್ನು ಆಕಾಶದಲ್ಲೇ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆದಿತ್ತು. ಆಟದ ವಿಮಾನದ ಮಾತಿನಲ್ಲಿ ಅದನ್ನು ತರುವುದಕ್ಕೆ ಸಂಕೋಚವಾಗುತ್ತದೆ, ಆದರೆ ಬಿಡದಿ ದಾಟುವಾಗಲೆಲ್ಲ ಅದು ನೆನಪಿಗೆ ಬಾರದೆ ಇರುವುದಿಲ್ಲ.

ಮೊದಲ ಮೂರು ಹಾರಾಟಗಳು ಚೆನ್ನಾಗಿಯೇ ಆದವು. ಭಾರಕೇಂದ್ರ ರೆಕ್ಕೆಯ ಮುಂಚೂಣಿಯಿಂದ 53 ಮಿ.ಮೀ. ಹಿಂದಕ್ಕಿತ್ತು, ಮೂತಿಯನ್ನು ಏರಿಳಿಸುವ ಬಾಲದ ಎಲಿವೇಟರಿಗೆ ಎರಡು ಕ್ಲಿಕ್ ಟ್ರಿಮ್ ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. ನೆಲಕ್ಕಿಳಿಯುವಾಗ ಬಳಸುವ ರೆಕ್ಕೆಯ ಫ್ಲ್ಯಾಪ್ ಇಳಿಸಿದಾಗ ಮೂತಿ ತುಸು ಮೇಲೇಳುತ್ತಿತ್ತು, ಅದಕ್ಕೆ ಎಲಿವೇಟರನ್ನು ಸ್ವಲ್ಪ ಕೆಳಕ್ಕೆ ಬೆರೆಸಿದೆ. ನಾಲ್ಕನೆಯ ಹಾರಾಟದಲ್ಲಿ, ಪೂರ್ತಿ ಥ್ರಾಟಲಿನಲ್ಲಿ ನೆಲ ಬಿಟ್ಟು ಸುಮಾರು 25 ಮೀಟರ್ ಏರಿದ್ದಾಗ ಸದ್ದು ಬದಲಾಯಿತು. ಏನು ಬದಲಾಯಿತೆಂದು ಯೋಚಿಸುವಷ್ಟರಲ್ಲಿ ಮೂತಿ ಬಲಕ್ಕೆ ಹೊರಳಿತು, ಬಲರೆಕ್ಕೆ ಇಳಿಯಿತು. ನನ್ನ ಹೆಬ್ಬೆರಳು ಅಭ್ಯಾಸಬಲದಿಂದ ಎಡ ಏಲೆರಾನ್ ಕೊಟ್ಟಿತು. ಅದು ತಪ್ಪು: ಆಗ ಬಲರೆಕ್ಕೆಯ ಏಲೆರಾನ್ ಕೆಳಕ್ಕಿಳಿದು, ಮೊದಲೇ ಸೋಲುತ್ತಿರುವ ರೆಕ್ಕೆಯ ಮೇಲೆ ಇನ್ನಷ್ಟು ಗಾಳಿಯ ತಡೆಯನ್ನು ಹೇರುತ್ತದೆ. ರೆಕ್ಕೆ ಇನ್ನೂ ಇಳಿಯಿತು. ಕಟ್ಟುತ್ತಿದ್ದ ತಿಂಗಳುಗಳಲ್ಲಿ ಮನಸ್ಸಿನಲ್ಲೇ ನೂರು ಸಲ ಮಾಡಿದ್ದ ಕೆಲಸವನ್ನು ಆಮೇಲೆ ಎಡಗೈ ಮಾಡಿತು, ಥ್ರಾಟಲನ್ನು ತಳಕ್ಕೆ ಎಳೆಯಿತು. ಎರಡೂ ನಿಂತ ಮೇಲೆ ವಿಮಾನ ಒಂದು ಭಾರವಾದ ಗ್ಲೈಡರ್ ಮಾತ್ರ, ಎಳೆದಾಟವಿಲ್ಲ. ಮೂತಿ ಇಳಿಸಿ ವೇಗ ಹಿಡಿದು, ರೆಕ್ಕೆ ಸಮ ಮಾಡಿ, ಎದುರಿಗಿದ್ದ ರಾಗಿ ಕೂಳೆಗೆ ಇಳಿಸಿದೆ. ಮುಂಗಾಲು ಮುರಿದು ಒಡಲಿನೊಳಗೆ ನುಗ್ಗಿತು. ಉಳಿದದ್ದೆಲ್ಲ ಇಡಿಯಾಗಿತ್ತು. ಯಜಮಾನರು ದೂರದಿಂದಲೇ ನೋಡಿದರು, ಆದರೆ ಏನೂ ಕೇಳಲಿಲ್ಲ.

ಮನೆಗೆ ಬಂದು ಬಲಗಡೆಯ ಮೋಟಾರನ್ನು ಓಡಿಸಿದರೆ ಅದು ಗಡಗಡ ನಡುಗಿತೇ ಹೊರತು ತಿರುಗಲಿಲ್ಲ. ಮೂರು ತಂತಿಗಳಲ್ಲಿ ಒಂದಕ್ಕೆ ವಿದ್ಯುತ್ತು ಹೋಗದಿದ್ದಾಗ ಹೀಗಾಗುತ್ತದೆ. ರೆಕ್ಕೆಯೊಳಗಿನಿಂದ ತಂತಿಗಳನ್ನು ಎಳೆದು, ಒಂದೊಂದೇ ಹೀಟ್‌ಶ್ರಿಂಕ್ ತೋಳನ್ನು ಬ್ಲೇಡಿನಿಂದ ಸೀಳಿದೆ. ಐದನೆಯದರಲ್ಲಿ ತಂತಿ ಕೈಗೇ ಬಂತು. ಬುಲೆಟ್ಟಿನ ಬಟ್ಟಲಿನಲ್ಲಿ ಸೀಸ ಕರಗಿ ನಿಂತಿತ್ತು, ಆದರೆ ಹೊಳಪಿಲ್ಲದೆ ಬೂದಿ ಬಣ್ಣಕ್ಕೆ ಹರಳುಗಟ್ಟಿತ್ತು; ತಂತಿಯ ಎಳೆಗಳ ಅಚ್ಚು ಅದರಲ್ಲಿ ಗುಳಿಗುಳಿಯಾಗಿ ಮೂಡಿತ್ತು, ಎಳೆಗಳು ಮಾತ್ರ ಹಿಡಿದುಕೊಂಡಿರಲಿಲ್ಲ. ದಪ್ಪ ತಂತಿ ಸಾಕಷ್ಟು ಬಿಸಿಯಾಗುವ ಮೊದಲೇ ನಾನು ಬೆಸುಗೆ ಕಬ್ಬಿಣವನ್ನು ತೆಗೆದಿದ್ದೆ. ಅಂದರೆ ಆ ಬೆಸುಗೆ ಮೊದಲ ದಿನದಿಂದಲೂ ಅರ್ಧಂಬರ್ಧ ಮುಟ್ಟಿಕೊಂಡಿತ್ತು, ಅದರ ತಡೆಯಿಂದಲೇ ಮೋಟಾರು ಹಿಂದುಳಿದಿತ್ತು. 170 ಸುತ್ತಿನ ಕೊರತೆಯೆಂಬ ರೂಪದಲ್ಲಿ ಅದು ವಾರಗಟ್ಟಲೆ ಕೂಗಿ ಹೇಳುತ್ತಿತ್ತು. ನಾನು ಕುಂಟುವ ಎತ್ತಿನ ಗೊರಸು ನೋಡುವ ಬದಲು ಗಟ್ಟಿಯಾಗಿದ್ದ ಎತ್ತಿನ ಹಗ್ಗ ಹಿಡಿದು ಜಗ್ಗಿದ್ದೆ.

ಹನ್ನೆರಡು ಬೆಸುಗೆಗಳನ್ನೂ ಬಿಚ್ಚಿ, 80 ವಾಟಿನ ಕಬ್ಬಿಣ ತಂದು, ಬುಲೆಟ್ಟನ್ನು ಮರದ ತುಂಡಿನ ತೂತಿನಲ್ಲಿ ನಿಲ್ಲಿಸಿ, ತಂತಿಗೆ ಮೊದಲೇ ಸೀಸ ಕುಡಿಸಿ, ಮತ್ತೆ ಬೆಸೆದೆ. ಪ್ರತಿಯೊಂದನ್ನೂ ಇಕ್ಕಳದಲ್ಲಿ ಹಿಡಿದು ಎಳೆದು ನೋಡಿದ ಮೇಲೆಯೇ ತೋಳು ತೊಡಿಸಿದೆ. ಮುಂಗಾಲಿನ ಕೆಲಸಕ್ಕೆ ಎರಡು ಸಂಜೆ ಸಾಕಾಯಿತು. ಆಮೇಲೆ ಟ್ರಾನ್ಸ್‌ಮಿಟರಿನಲ್ಲಿ ಎಡಗಡೆಯ ಮಿತಿಯನ್ನು 97ರಿಂದ 100ಕ್ಕೆ ಏರಿಸಿ, ಅಡುಗೆಮನೆಯ ಟ್ಯೂಬ್‌ಲೈಟಿಗೆ ಟ್ಯಾಕೋಮೀಟರು ಹಿಡಿದು 2,000 ನೋಡಿಕೊಂಡು, ಎರಡನ್ನೂ ಓಡಿಸಿದೆ. ಎಡಕ್ಕೆ 8,910. ಬಲಕ್ಕೆ 8,890.